ನೀರು, ಆಯಿಲ್, ಗಾಳಿ, ಆಮ್ಯಾಲ ನಾನು

ಅವರು ತೀರಿಕೊಂಡ ಖಬರು ನನಗ ಸಿಂಧನೂರು ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿತು. ಒಂದು ಕಾಲಕ್ಕ ನಮ್ಮ ಬಸ್ಸಿಗೆ ದಿನಾ ಬರ್ತಿದ್ದ ಸಾಲಿ ಮಾಸ್ತರರು ಒಬ್ಬರು ಹೋಟೆಲ್ ಮುಂದ ನನ್ನ ಗುರ್ತು ಹಿಡದು, "ಏನಪಾ ಕಂಡಕ್ಟರ, ನಿಮ್ಮ ಡ್ರೈವರ್ ಹೋದ್ರಂತಲ್ಲ. ಮಣ್ಣಿಗೆ ಹೋಗಿದ್ದಿ ಏನು?" ಅಂದ್ರು.

ಕೈಯಾಗಿನ ಚಾ ಅಲ್ಲೇ ಇಟ್ಟು ಎದ್ದೆ. ಎದ್ದವನಿಗೆ ಎಲ್ಲಿ ಹೋಗಬೇಕು ಅಂಬೋದು ತಿಳೀಲಿಲ್ಲ. ಲಿಂಗಸುಗೂರು ಬಸ್ಸು ನಿಲ್ಲೋ ಕಡಿ ಹೋದೆ, ಹೊಳ್ಳಿ ಬಂದೆ, ಮತ್ತ ಹೋದೆ. ಮಾಸ್ತರರು "ಜರಾ ಕುಂದ್ರಪಾ" ಅಂದ್ರು. "ಕುಂದ್ರೋದು ಬಂದಿದ್ರ ನಾ ಕಂಡಕ್ಟರ್ ಯಾಕ ಆಗ್ತಿದ್ನಿರಿ" ಅಂದೆ. ಸಿಟ್ಟು ಬಂದಿತ್ತು ನನಗ. ಸತ್ತವರ ಮ್ಯಾಲೆ ಸಿಟ್ಟು. ಒಂದು ಮಾತು ಹೇಳಿ ಕಳಿಸಲಿಲ್ಲ ನೋಡ್ರಿ. ಅವರ ಹುಟ್ಟೂರು ಗೊರೇಬಾಳದ ಬಸ್ಸು ಬಂದ ಕೂಡ್ಲೆ ಹತ್ತಿದೆ. ಹೋಗಿ ನೋಡಿದ್ರ ಮಣ್ಣು ಮುಗಿದು ಮೂರು ದಿನ ಆಗಿತ್ತು.

ಅವತ್ತಿಂದ ನನಗ ಸಮಾಧಾನ ಇಲ್ಲ. ಬರದು ಇಟ್ರ ಇಳೀತೈತೇನೋ ಅಂತ ಬರಿಯಾಕತ್ತೀನಿ. ಬರಿಯೋದಂದ್ರ ನನಗ ಟಿಕೆಟ್ಟು, ವೇಬಿಲ್ಲು, ಇಷ್ಟ ಗೊತ್ತು. ತಪ್ಪಿದ್ರ ಮಾಫ್ ಮಾಡ್ರಿ. ಅವರ ಹೆಸರು ಮಾತ್ರ ಬರಿಯಂಗಿಲ್ಲ. ಹೆಸರು ಹಿಡದು ನಾವು ಯಾರೂ ಕರದಿಲ್ಲ, ಕಾಕಾರು ಅಂತಿದ್ವಿ. ಅದ ಸಾಕು.

ನಾ ಅವರ ಬಸ್ಸಿಗೆ ಕಂಡಕ್ಟರ್ ಆಗಿ ಬಂದಾಗ ಕಾಲುವಿಗೆ ನೀರು ಬಂದು ಇನ್ನೂ ಭಾಳ ವರ್ಷ ಆಗಿರಲಿಲ್ಲ. ಸಿಂಧನೂರು ಕಡಿ ಎಲ್ಲಾ ಹಸರು, ಮಸ್ಕಿ ದಾಟಿದ್ರ ಎಲ್ಲಾ ಕರಿ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಮತ್ತ ಅದ ದಾರಿ ಹೊಳ್ಳಿ, ಇದು ನಮ್ಮ ಬಸ್ಸಿನ ರೂಟು. ರಾತ್ರಿ ಬಸ್ಸು ಮಸ್ಕಿಯಾಗ ವಸ್ತಿ. ಅವರ ಮನಿ, ನನ್ನ ಮನಿ ಎರಡೂ ಅಲ್ಲೇ.

ಗಿಡ್ಡ ಮನುಷ್ಯ. ಎಡಗಾಲು ಜರಾ ಎಳೀತಿದ್ರು. ಖಾಕಿ ಅಂಗಿ ಕಿಸೇದಾಗ ಯಾವಾಗ್ಲೂ ಪುಟಾಣಿ. ಒಂದು ಕಾಳು ಯಾರಿಗೂ ಕೊಟ್ಟವರಲ್ಲ! ನಾ ಒಮ್ಮೆ ಕೈ ಚಾಚಿದ್ರ, "ನಿನಗ ಹಸಿವಾಗಿಲ್ಲ, ನನ್ನ ಬಾಯಿ ಆಡೋದು ನೋಡಿ ಆಸೆ ಆಗೈತಿ" ಅಂತ ಅಂದು ತಾವ ತಿಂದ್ರು. ಹಂಗ ಮಾತಾಡೋ ಮನುಷ್ಯನ ಜೋಡಿ ಮೊದಲ ತಿಂಗಳು ನನಗ ಹೇಸಿ ಹೋಗಿತ್ತು.

ಮೊದಲ ದಿನದ್ದು ಹೇಳ್ತೀನಿ. ಮುಂಜಾನೆ ಆರು ಗಂಟಿ. ಬಾನೆಟ್ ಎತ್ತಿ ನೋಡಿ "ನೀರು ಐತಿ" ಅಂದ್ರು. ಇಂಜಿನ್ನಿನ ಕಡ್ಡಿ ಹೊರಗ ತಗದು ಒರಸಿ, ಮತ್ತ ಕೆಳಗ ಇಳಿಸಿ, ತಗದು ನೋಡಿ "ಆಯಿಲ್ ಐತಿ" ಅಂದ್ರು. ಗಾಲಿಗೆ ಒಂದೊಂದು ಒದ್ದು "ಗಾಳಿ ಐತಿ" ಅಂದ್ರು. ಸೀಟಿನ ಮ್ಯಾಲೆ ಕುಂತು, ಎರಡೂ ಕೈ ಸ್ಟೇರಿಂಗಿನ ಮ್ಯಾಲಿಟ್ಟು, "ಇನ್ನ ನಾನು" ಅಂತ ಸುಮ್ಮನಾದ್ರು. ದೇವರ ಹೆಸರು ತಗೋತಾರ ಅಂತ ನಾ ಕೈ ಮುಗದು ನಿಂತೆ. ಅವರು ಹೊಳ್ಳಿ ನೋಡಿ ಹೇಳಿದ್ದೇನು ಗೊತ್ತೇನು?

"ತಮ್ಮಾ, ಇವತ್ತು ನನಗ ಹೊಟ್ಟಿಕಿಚ್ಚು ಐತಿ. ಭಾಳ ಐತಿ. ಗೊರೇಬಾಳದ ಹತ್ರ ಗದ್ದಿ ಕಂಡ ಕೂಡ್ಲೆ ಗಾಡಿ ಜೋರ್ ಬಿಡಬಹುದು. ಬಿಟ್ರ ಒಂದು ಗಂಟಿ ಹೊಡಿ."

ಇವರಿಗೆ ತಲಿ ಕೆಟ್ಟೈತಿ ಅಂದುಕೊಂಡೆ. ಆದ್ರ ಗೊರೇಬಾಳ ಬಂತು, ಗಾಡಿ ಖರೇನ ಜೋರ್ ಆತು. ಹಗ್ಗ ಜಗ್ಗಿ ಒಂದು ಗಂಟಿ ಹೊಡದೆ. ಕೈ ಎತ್ತಿ "ಹೂಂ ಹೂಂ, ತಿಳೀತು" ಅಂದು ಸಾವಕಾಶ ಮಾಡಿದ್ರು.

ಅದರ ಕಥಿ ಆಮ್ಯಾಲ ತಿಳೀತು. ಗೊರೇಬಾಳದಾಗ ಅವರದೂ ತಮ್ಮಂದೂ ಕೂಡಿ ಹೊಲ ಇತ್ತಂತ. ಕಾಲುವಿ ಬರೋಕಿಂತ ಮೊದಲ ಪಾಲು ಆತು. ಹಿರಿಯ ಮಗ ಅಂತ ಇವರಿಗೆ ಮೊದಲ ಆರಿಸೋ ಹಕ್ಕು. ಮ್ಯಾಲಿನ ಹೊಲ ಚೊಲೊ ಎರಿ ಭೂಮಿ, ಬಿಳಿಜೋಳ ಎದಿಮಟ ಬರೋದು. ಕೆಳಗಿಂದು ಬರೀ ಜಾಲಿ, ಕಲ್ಲು. ಇವರು ಮೀಸಿ ತಿರುವಿ ಮ್ಯಾಲಿಂದು ನನಗಿರಲಿ ಅಂದ್ರು. ಮುಂದ ಕಾಲುವಿ ಬಂತು, ಎರಡೂ ಹೊಲದ ನಟ್ಟನಡುವ ಹಾದು ಹೋತು. ನೀರು ಕೆಳಗ ಇಳೀತೈತಿ ಹೊರತು ಮ್ಯಾಲೆ ಏರಂಗಿಲ್ಲಲ್ಲ. ತಮ್ಮ ಎರಡು ಬೆಳಿ ಭತ್ತ ತಗದ, ಇವರು ಬಸ್ಸು ಹೊಡದ್ರು.

"ತಮ್ಮ ಮೋಸ ಮಾಡ್ಯಾನೇನ್ರಿ?" ಅಂತ ಕೇಳಿದೆ.

"ಇಲ್ಲ ಲೇ. ನನ್ನ ಬಾಯಿಲೇನ ಆರಿಸೀನಿ. ಅದಕ್ಕ ಜಾಸ್ತಿ ಉರೀತೈತಿ."

ಕಾಲುವಿ ನೀರಿಗೆ ಭತ್ತ ಬೆಳಿಯಾಕ ಬಂದು ಕ್ಯಾಂಪ್ ಹಾಕಿದ್ದ ತೆಲುಗು ಮಂದಿ ಬಸ್ಸು ಹತ್ತಿದ್ರೂ ಹಂಗ. "ಇವರನ್ನ ಕಂಡ್ರ ನನಗ ಸೇರಂಗಿಲ್ಲ. ಪಾಪ, ಅವರದೇನೂ ತಪ್ಪಿಲ್ಲ. ನನ್ನ ಮಾರಿ ಗಂಟು ಆದ್ರ ನೀ ನಕ್ಕೋತ ಮಾತಾಡಿಸು" ಅಂತ ಮೊದಲ ಹೇಳಿ ಬಿಡೋರು. ಆ ಮಂದಿ ಬಂದ್ರ "ರಂಡಿ, ರಂಡಿ" ಅಂತ 'ಬರ್ರಿ' ಅನ್ನೋ, ತಮಗ ಬರೋ ಒಂದ ತೆಲುಗು ಮಾತು ಹೇಳಿ ಮುಂದಿನ ಸೀಟು ಕೊಡೋರು. ಇನ್ನೊಂದು ದಿನ "ಇವತ್ತು ಅಂಜಿಕಿ ಐತಿ, ಯಾಕ ಅಂತ ಗೊತ್ತಿಲ್ಲ" ಅಂದವರು, ಹುಲ್ಲಿನ ಬಂಡಿ ಒಂದರ ಹಿಂದ ಒಂದು ಹರದಾರಿ ಹಂಗ ಹೋದ್ರು. ಮಂದಿ "ಏ ಡ್ರೈವರ, ಎತ್ತು ಕಟ್ಟೂನೇನು ನಿನ್ನ ಬಸ್ಸಿಗೆ?" ಅಂತ ಒದರಾಡಿದ್ರು. ಕಾಕಾರು ಪುಟಾಣಿ ತಿನಕೋತ ಬಂಡಿ ಹಿಂದನ ಹೋದ್ರು.

ತಮ್ಮದು ಹೇಳಿ ಮುಗಿಸಿ ನನ್ನ ಕೇಳೋರು. "ನೀ?"

"ಚೊಲೊ ಅದೀನ್ರಿ."

ದಿನಾ ಇದ ಉತ್ತರ. ಚೊಲೊ ಅದೀನ್ರಿ, ಎರಡು ಗಂಟಿ, ರೈಟ್. ಅವರು ಮತ್ತೊಮ್ಮೆ ಕೇಳ್ತಿರಲಿಲ್ಲ. ಆ ಕೇಳದ ಇರೋದು ಕಂಡ್ರ ನನಗ ಇನ್ನಷ್ಟು ಸಿಟ್ಟು ಬರೋದು.

ನಾ ಚೊಲೊ ಇರಲಿಲ್ಲ. ಈಗ ಹೇಳಾಕ ಅಡ್ಡಿ ಇಲ್ಲ. ನನಗ ಗಂಗಿ ಅಂತ ಒಬ್ಬಾಕಿ ಮಗಳು, ಆಕಿ ಬೆನ್ನಿಗೆ ಅಮರೇಶ ಅಂತ ಒಬ್ಬ ಮಗ. ಅಂವ ಮೂರು ವರ್ಷದಾಂವ ಇದ್ದಾಗ ಜ್ವರ ಬಂದು ಒಂದ ದಿನದಾಗ ಹೋದ. ನಾ ಡ್ಯೂಟಿ ಮ್ಯಾಲೆ ಇದ್ದೆ. ಸಂಜಿಗೆ ಬಂದು ಇಳೀತನಕ ಎಲ್ಲಾ ಮುಗಿದಿತ್ತು. ಮೂರನೇ ದಿನಕ್ಕ ನಾ ಚೀಲ ಹಾಕ್ಕೊಂಡು ಬಸ್ಸು ಹತ್ತಿದೆ. ಗಟ್ಟಿ ಮನುಷ್ಯಪಾ ಅಂತ ಮಂದಿ ಅಂದ್ರು, ನಾನೂ ಹಂಗ ತಿಳಕೊಂಡೆ. ಆಮ್ಯಾಲ ಮನಿಯಾಗ ಅವನ ಹೆಸರು ನಾ ಎತ್ತಲಿಲ್ಲ, ಹೆಂಡತಿ ಎತ್ತಿದ್ರ ಎದ್ದು ಹೊರಗ ಹೋಗ್ತಿದ್ದೆ.

ಎರಡು ವರ್ಷ ಹಿಂಗ ನಡೀತು. ಪಂಚಮಿ ಹತ್ರ ಒಂದು ದಿನ ಊಟಕ್ಕ ಮನಿಗೆ ಬಂದೆ. ಅಂಗಳದ ಹಗ್ಗದ ಮ್ಯಾಲೆ ಅವನ ಅಂಗಿ. ಟ್ರಂಕಿನ್ಯಾಗಿಂದ ತಗದು ಬಿಸಲಿಗೆ ಹಾಕ್ಯಾಳ, ನುಸಿ ಹತ್ತಬಾರದು ಅಂತ. ನನಗ ಏನಾತೋ! ಅಂಗಿ ಕಿತ್ತಿ ಒಗದೆ, ಆಕಿ ಎತ್ತಿಕೊಳ್ಳಾಕ ಬಂದ್ರ ಹೊಡದೆ. ಒಂದು ಏಟಲ್ಲ. ಗಂಗಿ ಅಲ್ಲೇ ನಿಂತು ನೋಡಿತು. ಮರುದಿನ ಮಗಳನ್ನ ಕರಕೊಂಡು ಆಕಿ ತವರಮನಿ ಗುರುಗುಂಟಾಕ್ಕ ಹೋದಳು. ಟ್ರಂಕು ತಗೊಂಡು ಹೋಗ್ಯಾಳ ಅಂದಾಗ ನನಗ ತಿಳೀತು, ಇದು ಎಂಟು ದಿನದ ಸಿಟ್ಟಲ್ಲ ಅಂತ.

ಎರಡು ಸಲ ಕರಿಯಾಕ ಹೋದೆ. ಮೊದಲ ಸಲ ಅಂಗಳದಾಗ ನಿಂತು ಒದರಾಡಿ ಬಂದೆ. ಎರಡನೇ ಸಲ ಹಿರಿಯರು ನಾಕು ಮಂದಿ ಕೂಡಿ ಯಾಕ ಹೊಡದಿ ಅಂತ ಕೇಳಿದ್ರು. "ಅಂಗಿ ಒಣ ಹಾಕಿದ್ದಳು" ಅಂದೆ. ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ಅದು ಕಂಡು ನನಗ ಮತ್ತ ಉರೀತು, ನಡುವ ಎದ್ದು ಬಂದೆ. ಬರೋ ಮುಂದ ಮಾವ ಕುರಿ ದಡ್ಡಿ ಹತ್ರ ನಿಂತು ಸಾವಕಾಶ ಹೇಳಿದ. "ಅಳಿಯಾ, ಇನ್ನೊಂದು ಸಲ ಬಾ. ಹಿಂಗ ಬಂದಿ ಅಂದ್ರ ಅವತ್ತ ಹಿರಿಯರ ಮುಂದ ಮದುವಿ ಬಿಡುಗಡಿ ಮಾಡಿ ಕಳಿಸ್ತೀನಿ. ನನ್ನ ಮಗಳು ಹೊಡಸ್ಕೊಳ್ಳಾಕ ಹುಟ್ಟಿಲ್ಲ." ನನ್ನ ಕಂಡು ಗಂಗಿ ಕಣಜದ ಹಿಂದ ಹೋಗಿ ನಿಂತಿತ್ತು. ಕರದ್ರೂ ಬರಲಿಲ್ಲ. ಅವತ್ತಿಂದ ನನಗ ನಿದ್ದಿ ಇಲ್ಲ, ಊಟ ಇಲ್ಲ. ಬಸ್ಸಿನ್ಯಾಗ ಸೀಟು ಖಾಲಿ ಇದ್ರೂ ನಾ ನಿಂತ ಹೋಗ್ತಿದ್ದೆ. ಒಂದ ಒಂದು ಸಲ ಉಳದೈತಿ, ಅದನ್ನೂ ನಾ ಕೆಡಸ್ತೀನಿ ಅಂತ ನನಗ ಖಾತ್ರಿ ಇತ್ತು.

ಅಂಥಾ ದಿನದಾಗ ಸಿಂಧನೂರಾಗ ಸಂತೆಕಲ್ಲೂರಿನ ಮುದುಕಿ ಒಬ್ಬಾಕಿ ಬಸ್ಸು ಹತ್ತಿದಳು. ಮೊಮ್ಮಗಗ ಒಂದು ಕೆಂಪಂಗಿ ತಗೊಂಡಿದ್ದಳು. ಬಸ್ಸಿನ ಮಂದಿಗೆಲ್ಲಾ ಬಿಚ್ಚಿ ಬಿಚ್ಚಿ ತೋರಿಸಿದಳು. "ದೊಡ್ಡದಾಕೈತೇನವಾ? ಮೂರು ವರ್ಷದಾಂವ, ಆನಿ ಮರಿ ಇದ್ದಂಗ ಅದಾನ." ಟಿಕೆಟ್ ಕೊಡಾಕ ಹೋದ್ರ ನನಗೂ ತೋರಿಸಿದಳು.

"ಚೀಟಿ ತಗೋ ಅಮ್ಮಾ, ಜಲ್ದಿ."

"ತಗೋತೀನಪಾ. ನಿನಗೆಷ್ಟು ಮಕ್ಕಳು?"

"ಒಂದು."

"ಅಯ್ಯ, ಒಂದ? ಗಂಡೋ ಹೆಣ್ಣೋ?"

ನಾ ಮುಂದ ಹೋದೆ. ಇಬ್ಬರಿಗೆ ತಪ್ಪು ಟಿಕೆಟ್ ಹರದೆ. ಮಸ್ಕಿ ಬಂತು. ಮಂದಿ ಇಳೀತು. ಮುದುಕಿ ಕಡೀಗೆ ಎದ್ದಳು. ಗಂಟು ಒಂದು ಕಂಕಳಾಗ, ಅಂಗಿ ಒಂದು ಕೈಯಾಗ, ಇನ್ನೊಂದು ಕೈ ಕಂಬಿ ಹಿಡದು ಒಂದೊಂದ ಮೆಟ್ಟಲಾ ಇಳಿಯಾಕತ್ತಿದಳು. ಈ ಮುದುಕಿ ನನ್ನ ಕಣ್ಣ ಮುಂದಿಂದ ಹೋದ್ರ ಸಾಕು ಅನ್ನಿಸಿತು ನನಗ. ಆಕಿ ಒಂದು ಕಾಲು ಇನ್ನೂ ಮೆಟ್ಟಲ ಮ್ಯಾಲಿತ್ತು. ನಾ ಹಗ್ಗ ಜಗ್ಗಿ ಎರಡು ಗಂಟಿ ಹೊಡದೆ.

ಎರಡು ಗಂಟಿ ಅಂದ್ರ ಡ್ರೈವರ್ ಹಿಂದ ನೋಡಂಗಿಲ್ಲ. ಕಂಡಕ್ಟರನ ಗಂಟಿ ಮ್ಯಾಲೆ ಅಷ್ಟು ನಂಬಿಕಿ. ಗಾಡಿ ಎಳೀತು, ಮುದುಕಿ ಬಿತ್ತು. ಮಂದಿ ಒದರಿತು. ಕಾಕಾರು ಬ್ರೇಕ್ ತುಳದು, ಇಳದು, ಕಾಲು ಎಳಕೋತ ಓಡಿ ಬಂದು ಆಕೀನ ಎರಡೂ ಕೈಲೆ ಎತ್ತಿ ಸೀಟಿನ ಮ್ಯಾಲೆ ಮಲಗಿಸಿದ್ರು. ಮುಂಗೈ ಮುರದಿತ್ತು. ಮಂದಿ ಕುಂತ ಬಸ್ಸು ಹಂಗ ದವಾಖಾನಿಗೆ ಹೊಡದ್ರು. ಕೆಂಪಂಗಿ ಧೂಳಾಗ ಬಿದ್ದಿತ್ತು. ಯಾರೋ ಝಾಡಿಸಿ ತಂದು ನನ್ನ ಕೈಗೆ ಕೊಟ್ರು.

ದವಾಖಾನಿ ಹಿಂದ ಒಂದು ಬೇವಿನ ಗಿಡ. ಅದರ ಬುಡಕ ಕಾಕಾರು ಕುಂತ್ರು. ನಾ ನಿಂತ ಇದ್ದೆ. "ಡಿಪೋಕ್ಕ ಏನು ಬರೀತಿ?" ಅಂದ್ರು.

"ಗಾಡಿ ನಿಲ್ಲೋಕಿಂತ ಮೊದಲ ಮುದುಕಿ ಜಿಗದಳು ಅಂತ. ಕೇಳಿದ್ರ ನೀವೂ ಹಂಗ ಹೇಳ್ರಿ."

ಕಾಕಾರು ತಮ್ಮ ಎಡಗಾಲು ತಿಕ್ಕೋತ ಒಂದು ಸಂಗತಿ ಹೇಳಿದ್ರು. ಕಾಲುವಿ ತೋಡೋ ದಿನದಾಗ ಅವರು ಕಂತ್ರಾಟುದಾರನ ಲಾರಿ ಹೊಡೀತಿದ್ರು. ಒಂದು ದಿನ ಕಲ್ಲು ಹೇರಿಕೊಂಡು ಹೊಂಟಾಗ, ಕಾಲುವಿ ಗುರ್ತಿನ ಕಲ್ಲು ತಮ್ಮ ಪಾಲಿನ ಹೊಲದ ಕೆಳಗ ನೆಟ್ಟಿದ್ದು ಕಂಡ್ರು. ಮ್ಯಾಲಿನ ಹೊಲಕ್ಕ ನೀರಿಲ್ಲ ಅಂಬೋದು ಅವತ್ತ ಖಾತ್ರಿ ಆತು. ಆಮ್ಯಾಲ ಲಾರಿ ಹೆಂಗ ಹೊಡದೆ ಅಂಬೋದು ಅವರಿಗೆ ನೆನಪಿಲ್ಲ. ಲಾರಿ ಅರ್ಧ ತೋಡಿದ ಕಾಲುವಿಯಾಗ ಬಿತ್ತು, ಎಡಗಾಲು ಮುರೀತು. ಸಾಹೇಬರು ಕೇಳಿದ್ರ, "ಬ್ರೇಕ್ ಹಿಡೀಲಿಲ್ರಿ" ಅಂದುಬಿಟ್ರು. ಬ್ರೇಕ್ ನೋಡಿದ್ದ ಮಿಸ್ತ್ರಿಯನ್ನ ಅವತ್ತ ಕೆಲಸದಿಂದ ತಗದ್ರು.

"ವರ್ಷದ ಮ್ಯಾಲೆ ಸಿಂಧನೂರು ಸಂತಿಯಾಗ ಸಿಕ್ಕ. ಗಿಡದ ಕೆಳಗ ಸೈಕಲ್ ಪಂಚರ್ ಹಾಕ್ಕೋತ ಕುಂತಿದ್ದ. ಹೊಡೀತಾನ ಅಂದುಕೊಂಡೆ. ಹೊಡೀಲಿಲ್ಲ ಲೇ. 'ಅವತ್ತು ಮುಂಜಾನೆ ನಾ ಬ್ರೇಕ್ ನೋಡಿದ್ದೆ, ಚೊಲೊ ಇತ್ತು. ನೀರು ನೋಡಿದ್ದೆ, ಆಯಿಲ್ ನೋಡಿದ್ದೆ. ನಿನ್ನ ಯಾರು ನೋಡಿದ್ರು?' ಅಂದ. ಅಷ್ಟ ಅಂದು ಪಂಚರ್ ಹಾಕಾಕತ್ತಿದ. ನಾ ಅಲ್ಲಿಂದ ಹೆಂಗ ಮನಿ ಮುಟ್ಟಿದ್ನೋ."

ಸಾಹೇಬರ ಹತ್ರ ಹೋಗಿ ಖರೆ ಹೇಳಿದ್ರಂತ. ಆದ್ರ ಕೆಲಸ ಮುಗಿದಿತ್ತು, ಯಾರಿಗೂ ಬೇಕಾಗಿರಲಿಲ್ಲ.

"ವೇಬಿಲ್ಲಿನ್ಯಾಗ ಏನರ ಬರಿ, ಅದು ನಿನಗ ಬಿಟ್ಟಿದ್ದು. ನನಗ ಒಂದು ಹೇಳು. ಮುಂಜಾನೆ ಕೇಳಿದಾಗ ಚೊಲೊ ಅದೀನಿ ಅಂದಿ. ಖರೇನ?"

"ಸಿಟ್ಟಿತ್ರಿ."

"ಮುದುಕಿ ಮ್ಯಾಲಾ?"

"ಇಲ್ರಿ."

"ಹೆಂಡತಿ ಮ್ಯಾಲಾ?"

"ಹೂನ್ರಿ. ಇಲ್ರಿ. ನನಗೇನು ಗೊತ್ರಿ! ಸುಮ್ಮನ ಬಿಡ್ರಿ ನನ್ನ!"

"ಕಡ್ಡಿ ಮ್ಯಾಲ ಹಿಡಕೊಂಡು ಆಯಿಲ್ ಐತಿ ಅಂದ್ರ ಹೆಂಗ? ತಳಾ ಮುಟ್ಟಲಿ, ಇಳಸು."

ಹೊಡಿಯೋವಷ್ಟು ಸಿಟ್ಟು ಬಂತು ಈ ಮನುಷ್ಯನ ಮ್ಯಾಲೆ. ಬಾಯಿ ತಗದೆ ಬೈಯಾಕ. ಬಂದ ಮಾತ ಬ್ಯಾರೆ. "ಮಕ್ಕಳೆಷ್ಟು ಅಂತ ಕೇಳಿದಳ್ರಿ ಮುದುಕಿ. ಒಂದು ಅಂದ್ನಿರಿ."

"ಎಷ್ಟು?"

"ಎರಡು."

ಅಷ್ಟ. ಎರಡು ಅಂದ ಕೂಡ್ಲೆ ಕುಂದ್ರಲಾರದ ನಾ ಆ ಗಿಡಾ ಸುತ್ತಾಕತ್ತಿದೆ. ಅಳು ಬರಲಿಲ್ಲ. ಕಾಕಾರು ಕುಂದ್ರು ಅನ್ನಲಿಲ್ಲ, ಸಮಾಧಾನ ಮಾಡಿಕೋ ಅನ್ನಲಿಲ್ಲ. ಎದ್ದು, ಕಾಲು ಎಳಕೋತ ನನ್ನ ಜೋಡಿ ತಾವೂ ಸುತ್ತಾಕತ್ತಿದ್ರು. ದವಾಖಾನಿಯ ನರ್ಸಮ್ಮ ಕಿಡಕಿಯಾಗ ನಿಂತು ಇಬ್ಬರನ್ನೂ ನೋಡಾಕತ್ತಿದ್ದಳು.

"ಇನ್ನೂ ಕೆಳಗ ಐತಿ" ಅಂದ್ರು ನಡಕೋತ. "ಇವತ್ತಿಗೆ ಇಷ್ಟ ಸಾಕು."

ಡಿಪೋಕ್ಕ ಖರೆ ಬರದೆ. ನನ್ನ ಸಸ್ಪೆಂಡ್ ಮಾಡಿದ್ರು. ಸಂತೆಕಲ್ಲೂರಿಗೆ ಹೋಗಿ ಮುದುಕಿಗೆ ತಪ್ಪಾತು ಅಂದೆ. ಆಕಿ ಬೈದ ಬೈಗಳಕ್ಕ ಓಣಿ ಮಂದಿ ಕೂಡಿತ್ತು. ನಿಂತು ಬೈಸ್ಕೊಂಡೆ, ಅದೂ ಒಂಥರಾ ಹಗುರ ಆತು.

ಮನಿಯಾಗ ಒಬ್ಬನ ಇರಾಕ ಆಗಲಿಲ್ಲ. ಮುಂಜಾನೆ ಆರಕ್ಕ ಸುಮ್ಮನ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ತಿದ್ದೆ. ಹೊಸ ಕಂಡಕ್ಟರ್ ನನ್ನ ಕಂಡು ನಗ್ತಿದ್ದ. ಒಂದು ದಿನ ತಡೀಲಾರದ ಕಾಕಾರನ್ನ ಕೇಳಿಬಿಟ್ಟೆ. "ನನಗಷ್ಟು ಹೇಳ್ತೀರಿ. ನೀವು ತಮ್ಮನ ಮನಿಗೆ ಹೋಗಿ ಎಷ್ಟು ವರ್ಷ ಆತ್ರಿ?"

ಅವರ ಮಾರಿ ಕೆಂಪಾತು. "ಅದು ಬ್ಯಾರೆ ಮಾತು. ನಿನಗ್ಯಾಕ ಬೇಕು ಲೇ? ಸಸ್ಪೆಂಡ್ ಆದಾಂವ ಮನಿಯಾಗ ಬಿದ್ದಿರು, ಹೋಗು!" ಅಂದು ಗಾಡಿ ಬಿಟ್ರು. ಅವತ್ತು ಬಾನೆಟ್ಟೂ ಎತ್ತಲಿಲ್ಲ, ಕಡ್ಡೀನೂ ನೋಡಲಿಲ್ಲ. ಖರೆ ಹೇಳ್ತೀನಿ, ನನಗ ಒಳಗ ಖುಷಿ ಆತು.

ಎರಡು ದಿನ ಬಿಟ್ಟು ತಾವ ಕರದ್ರು. "ನಿನ್ನ ಮ್ಯಾಲೆ ಸಿಟ್ಟಿತ್ತು. ನೀ ಖರೆ ಹೇಳಿದ್ದಕ್ಕ. ತಮ್ಮನ ಮುಂದ ಹೋಗಾಕ ನನಗ ನಾಚಿಕಿ ಆಗತೈತಿ, ಇನ್ನೂ ಆಗವಲ್ದು." ಅಷ್ಟು ಹೇಳಿ ತಲಿ ತಗ್ಗಿಸಿದ್ರು. ಎಲ್ಲಾ ಬಲ್ಲ ಮನುಷ್ಯ ಅಂತ ತಿಳದಿದ್ದೆ ನಾ. ಮುಂದ ಎಷ್ಟೋ ವರ್ಷದ ಮ್ಯಾಲೆ, ನಾಟಿ ಹಚ್ಚೋ ದಿನದಾಗ ಹೋಗಿ ತಮ್ಮನ ಬದುವಿನ ಮ್ಯಾಲೆ ಕುಂತ್ರಂತ. ಮೊನ್ನೆ ಗೊರೇಬಾಳಕ್ಕ ಹೋದಾಗ ಅವರ ತಮ್ಮ ಹೇಳಿದ. "ಏನೂ ಮಾತಾಡಲಿಲ್ರಿ. ಬುತ್ತಿ ಬಿಚ್ಚಿದ್ವಿ, ಉಂಡ, ಹೋದ. ಆಮ್ಯಾಲ ಬರಾಕತ್ತಿದ" ಅಂದು ಕಣ್ಣು ಒರಸ್ಕೊಂಡ. ಅಷ್ಟಕ್ಕೂ ಅವರಿಗೆ ಅಷ್ಟು ವರ್ಷ ಬೇಕಾತು.

ಆದ್ರ ಅವತ್ತು ನನಗ ಅಂದ್ರು, "ನಾಳೆ ನನಗ ರಜಾ ಐತಿ. ಗುರುಗುಂಟಾಕ್ಕ ಹೋಗೂನು ನಡಿ."

"ನೀವು ಯಾಕ್ರಿ?"

"ನಿಮ್ಮ ಮಾವನ ಜೋಡಿ ಮಾತಾಡ್ಕೋತ ಕುಂದ್ರಾಕ."

ಲಿಂಗಸುಗೂರಾಗ ಬಸ್ಸು ಬದಲಿಸಿ ಹೋದ್ವಿ. ದಾರಿಯುದ್ದ ಏನು ಹೇಳಬೇಕು ಅಂತ ನಾ ಬಾಯಿಪಾಠ ಮಾಡಾಕತ್ತಿದ್ದೆ. ಒಂದೊಂದು ಊರು ಬಂದಂಗ ಒಂದೊಂದು ಮಾತು ಮರಿಯಾಕತ್ತಿತ್ತು. ಎರಡು ಸಲ ಇಳದು ಹೊಳ್ಳಿ ಹೋಗೂನು ಅಂದೆ. ಕಾಕಾರು ಪುಟಾಣಿ ತಿನಕೋತ ಹೊರಗ ನೋಡಾಕತ್ತಿದ್ರು.

ಮಾವ ಕಟ್ಟಿ ಮ್ಯಾಲೆ ಕುಂತಿದ್ದ. ನನ್ನ ಕಂಡ ಕೂಡ್ಲೆ ಎದ್ದು ನಿಂತ, ಮೈಯೆಲ್ಲಾ ಬಿಗಿ. ಕಾಕಾರು ನನ್ನಕಿಂತ ಮುಂದ ಹೋಗಿ ಕೈ ಮುಗದ್ರು. "ನಾ ಇವನ ಬಸ್ಸಿನ ಡ್ರೈವರ್ ಅದೀನ್ರಿ. ನೀವು ಬೈತೀರಿ ಅಂತ ನನಗ ಅಂಜಿಕಿ ಆಗೈತಿ. ಬೈಯೋಕಿಂತ ಮೊದಲ ಒಂದು ತಂಬಿಗಿ ನೀರು ಕುಡಸ್ರಿ."

ಮಾವ ನೀರು ಕೊಟ್ಟ. ಕಾಕಾರು ಅವನ ಮಗ್ಗಲದಾಗ ಕುಂತು, ಈ ಸಲ ಕುರಿಗೆ ಮೇವು ಹೆಂಗ ಐತ್ರಿ ಅಂತ ಸುರು ಮಾಡಿದ್ರು. ನಾ ಒಳಗ ಹೋದೆ.

ಹೆಂಡತಿ ಒಲಿ ಮುಂದ ಹಿಟ್ಟು ನಾದಾಕತ್ತಿದ್ದಳು. ತಲಿ ಎತ್ತಲಿಲ್ಲ. ಗಂಗಿ ತಾಯಿ ಬೆನ್ನ ಹಿಂದ ಸರೀತು. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ಗ್ವಾಡಿಯಿಂದ ಬಾಗಲಾತನಕ ಎರಡು ಸಲ ತಿರಗ್ಯಾಡಿದೆ.

"ಅಮರ" ಅಂದೆ.

ಆಕಿ ಕೈ ನಿಂತಿತು.

"ಅಮರನ ಮಾರಿ ನಾ ನೋಡಲಿಲ್ಲ. ನಾ ಬರೋದ್ರಾಗ ಮಣ್ಣು ಮುಚ್ಚಿಬಿಟ್ಟಿದ್ರಿ. ನನ್ನ ದಾರಿ ಕಾಯಲಿಲ್ಲ ಅಂತ ನಿನ್ನ ಮ್ಯಾಲೆ ಎರಡು ವರ್ಷ ಸಿಟ್ಟು ಇಟ್ಕೊಂಡಿದ್ದೆ. ಇಟ್ಕೊಂಡೀನಿ ಅಂಬೋದ ನನಗ ಗೊತ್ತಿರಲಿಲ್ಲ. ಅಂಗಿ ಕಂಡು ಹೊಡದೆ." ಅಲ್ಲಿಗೆ ಮಾತು ಮುಗೀತು ಅಂತ ತಿಳದಿದ್ದೆ. ಮುಗೀಲಿಲ್ಲ. ಕೆಳಗಿಂದ ಇನ್ನೊಂದು ಬಂತು. ಅದು ಐತಿ ಅಂಬೋದು ಆ ಗಳಿಗಿತನಕ ನನಗ ಖಬರಿರಲಿಲ್ಲ. "ಅದೂ ಖರೆ ಅಲ್ಲ. ಅವತ್ತು ಮುಂಜಾನೆ ಅವನ ಹಣಿ ಮುಟ್ಟಿದ್ದೆ ನಾ. ಸುಡಾಕತ್ತಿತ್ತು. ಮುಟ್ಟಿ, ಗೊತ್ತಾಗಿ, ಡ್ಯೂಟಿಗೆ ಹೋದೆ. ಇದನ್ನ ಯಾರಿಗೂ ಹೇಳಿಲ್ಲ. ನನಗೂ ಹೇಳ್ಕೊಂಡಿಲ್ಲ. ತಪ್ಪು ನಂದು, ಹೊಡತ ನಿನಗ ಬಿತ್ತು."

ಹೊರಗ ಕಾಕಾರು ಏನೋ ಕೇಳಾಕತ್ತಿದ್ರು, ಮಾವ ಉತ್ತರ ಕೊಡಾಕತ್ತಿದ್ದ.

"ಹಣಿ ನಾನೂ ಮುಟ್ಟಿದ್ನಿರಿ" ಅಂದಳು ಕಡೀಕ. "ಹೋಗಬ್ಯಾಡ್ರಿ ಅಂತ ನಾನೂ ಅನ್ನಲಿಲ್ಲ."

ಎರಡು ವರ್ಷ ಒಂದ ಮನಿಯಾಗ ಇದ್ದು ಇಬ್ಬರೂ ಇದನ್ನ ಬ್ಯಾರೆ ಬ್ಯಾರೆ ಹೊತ್ತುಕೊಂಡು ತಿರಗ್ಯಾಡೀವಿ. ನಾ ಅಲ್ಲೇ ನೆಲದ ಮ್ಯಾಲೆ ಕುಸದು ಕುಂತೆ. ಎಲ್ಲಿ ತಡದಿತ್ತೋ ಆ ಅಳು, ಬಂತು. ಗಂಡಸರು ಹಂಗ ಅಳಬಾರದು ಅಂತಾರಲ್ಲ, ಹಂಗ ಅತ್ತೆ. ಗಂಗಿ ಬೆರಗಾಗಿ ತಾಯಿ ಸೆರಗು ಬಿಟ್ಟು ನನ್ನ ನೋಡಾಕತ್ತಿತು.

"ಇನ್ನೊಮ್ಮೆ ಕೈ ಎತ್ತಿದ್ರ ನಾ ಹೊಳ್ಳಿ ಬರಾಕಿ ಅಲ್ಲ, ಈಗ ಹೇಳೀನಿ" ಅಂದಳು ಆಕಿ. ದನಿ ಗಟ್ಟಿ ಇತ್ತು, ಕಣ್ಣು ಹರಿಯಾಕತ್ತಿದ್ದವು. ಹಿಟ್ಟಿನ ಕೈಲೆ ಒಂದು ಉಂಡಿ ಮುರಕೊಂಡಳು. "ಗಂಗೀ, ಅಪ್ಪಗ ನೀರು ಕೊಡು." ಆಮ್ಯಾಲ ನನ್ನ ಕಡಿ ಹೊಳ್ಳಿ ಅಂದಳು, "ಎರಡು ವರ್ಷ ನಾ ಒಬ್ಬಾಕಿನ ಅತ್ತೀನ್ರಿ. ಈಗ ನೀವು ಅಳ್ರಿ. ನಾ ರೊಟ್ಟಿ ಬಡೀತೀನಿ."